ಕೃಷಿ ಉದ್ದಿಮೆಗೆ ಸರ್ಕಾರದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳೆದದ್ದನ್ನು ಹಾಗೇ ಮಂಡಿಗೆ ಹಾಕುವ ಬದಲು ಬೆಲ್ಲ, ಎಣ್ಣೆ, ರೊಟ್ಟಿ, ಕಾಫಿ ಪುಡಿ, ಹಪ್ಪಳ ಮಾಡಿ ಮಾರೋಣ ಎನ್ನುವವರು ಈಗ ಊರೂರಲ್ಲೂ ಇದ್ದಾರೆ. ಅವರು ಮಾತಿನ ಮಧ್ಯೆ, ಪತ್ರದಲ್ಲಿ, ಕಾಮೆಂಟ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳು ಮುಖ್ಯವಾಗಿ ಕರ್ನಾಟಕದವರಿಗೆ. ಕೇಂದ್ರದ ಯೋಜನೆಗಳ ಮಾತು ಬಂದಾಗ ಹೊರ ರಾಜ್ಯದ ಕನ್ನಡಿಗರಿಗೂ ಉಪಯೋಗವಾಗುತ್ತದೆ.

## ಶುರು ಮಾಡುವ ಮುನ್ನ

ಯಾವ ಇಲಾಖೆಗೆ ಹೋಗ್ಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಕೃಷಿ ಇಲಾಖೆಯವರು ತೋಟಗಾರಿಕೆಗೆ ಹೋಗಿ ಅಂತಾರೆ, ಅವರು ಬ್ಯಾಂಕಿಗೆ ಹೋಗಿ ಅಂತಾರೆ.

ಈ ಅಲೆದಾಟ ನಿಜ. ಕಾರಣವೂ ಇದೆ. ಬೆಳೆ ಒಂದು ಇಲಾಖೆ, ಸಂಸ್ಕರಣೆ ಇನ್ನೊಂದು, ಮಾರಾಟ ಮತ್ತೊಂದು, ಸಾಲ ಬ್ಯಾಂಕು. ದೆಹಲಿಯಲ್ಲೂ ಹಾಗೇ. ಕೃಷಿ ಸಚಿವಾಲಯ ಬೇರೆ, ಆಹಾರ ಸಂಸ್ಕರಣಾ ಸಚಿವಾಲಯ ಬೇರೆ, ಸಣ್ಣ ಉದ್ದಿಮೆಗಳ ಸಚಿವಾಲಯ ಬೇರೆ.

ಆಹಾರ ಪದಾರ್ಥ ತಯಾರಿಸುವ ಸಣ್ಣ ಘಟಕ ನಿಮ್ಮ ಮನಸ್ಸಿನಲ್ಲಿದ್ದರೆ ನೇರವಾಗಿ ಕೆಪೆಕ್ ಕೇಳಿ. ಪೂರ್ತಿ ಹೆಸರು ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ನಡೆಸುವುದು ಅದೇ. ಬೆಂಗಳೂರಿಗೆ ಹೋಗಬೇಕಾಗಿಲ್ಲ. ನಿಮ್ಮ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ, ಅರ್ಜಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಎಂದು ವಿಚಾರಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೂ ಸಾಕು.

ನಂಗೆ ಜಮೀನಿಲ್ಲ, ಪಹಣಿ ಇಲ್ಲ. ನಂಗೂ ಸಿಗುತ್ತಾ?

ಸಿಗುತ್ತದೆ. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. ಸಂಸ್ಕರಣಾ ಯೋಜನೆಗಳು ಉದ್ದಿಮೆಯನ್ನು ನೋಡುತ್ತವೆ, ಪಹಣಿಯನ್ನಲ್ಲ. ಮನೆಯಲ್ಲಿ ಚಕ್ಕುಲಿ ಮಾಡಿ ಅಂಗಡಿಗೆ ಕೊಡುವ ಮಹಿಳೆ, ಬಾಡಿಗೆ ಶೆಡ್ಡಿನಲ್ಲಿ ಗಾಣ ಇಟ್ಟ ಯುವಕ ಇಬ್ಬರೂ ಅರ್ಹರು. ಪಿಎಂಎಫ್‌ಎಂಇಯಲ್ಲಿ ವಯಸ್ಸು 18 ದಾಟಿರಬೇಕು. ಗಂಡ, ಹೆಂಡತಿ, ಮಕ್ಕಳು ಸೇರಿ ಒಂದು ಕುಟುಂಬ ಎಂದು ಲೆಕ್ಕ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ.

ಯಾವುದಕ್ಕೆ ಸಬ್ಸಿಡಿ ಜಾಸ್ತಿ ಇದೆ ಹೇಳಿ ಸರ್, ಅದನ್ನೇ ಶುರು ಮಾಡ್ತೀನಿ.

ದಯವಿಟ್ಟು ಹೀಗೆ ಮಾಡಬೇಡಿ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ಕಳವಳ ತರುವುದೂ ಇದೇ.

ಸಬ್ಸಿಡಿ ಬರುವುದು ಯಂತ್ರಕ್ಕೆ. ನಿಮ್ಮ ಬದುಕು ನಡೆಯುವುದು ಮಾರಾಟದಿಂದ. ಮೊದಲು ಕೊಳ್ಳುವವರನ್ನು ಹುಡುಕಿ. ನಿಮ್ಮ ಪದಾರ್ಥವನ್ನು ಕೈಯಲ್ಲೇ, ಇರುವ ಪಾತ್ರೆಯಲ್ಲೇ, ಸಣ್ಣ ಪ್ರಮಾಣದಲ್ಲಿ ತಯಾರಿಸಿ. ಹತ್ತಿರದ ಅಂಗಡಿ, ಹೋಟೆಲ್, ಸಂತೆಯಲ್ಲಿ ಮಾರಿ ನೋಡಿ. ಒಮ್ಮೆ ಕೊಂಡವರು ಮತ್ತೆ ಬಂದು ಕೇಳುತ್ತಾರಾ? ಅಂಗಡಿಯವರು ನಗದು ಕೊಡುತ್ತಾರಾ, ಉದ್ದರಿ ಹೇಳುತ್ತಾರಾ? ಇದು ಗೊತ್ತಾದ ಮೇಲೆ ಎಷ್ಟು ದೊಡ್ಡ ಯಂತ್ರ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಸಬ್ಸಿಡಿ ಇಲ್ಲದಿದ್ದರೂ ನಡೆಯುವ ಲೆಕ್ಕವಿದ್ದರೆ ಮಾತ್ರ ಸಬ್ಸಿಡಿ ತೆಗೆದುಕೊಳ್ಳಿ. ಆಗ ಅದು ನಿಜವಾದ ಆಸರೆ ಆಗುತ್ತದೆ.

## ಸಾಲ, ಸಬ್ಸಿಡಿ

ಪಿಎಂಎಫ್‌ಎಂಇಯಲ್ಲಿ ಅರ್ಧಕ್ಕರ್ಧ ಸಬ್ಸಿಡಿ ಅಂತಾರೆ. ನಿಜವಾ?

ಕರ್ನಾಟಕದಲ್ಲಿ ನಿಜ. ಕೇಂದ್ರದ ಯೋಜನೆ ಪ್ರಕಾರ ಯೋಜನಾ ವೆಚ್ಚದ ಶೇ 35, ಗರಿಷ್ಠ ₹10 ಲಕ್ಷ. ಇದರ ಮೇಲೆ ನಮ್ಮ ರಾಜ್ಯ ಸರ್ಕಾರ ಶೇ 15 ಸೇರಿಸಿದೆ. ಒಟ್ಟು ಶೇ 50, ಗರಿಷ್ಠ ₹15 ಲಕ್ಷ.

ಒಂದು ಲೆಕ್ಕ ಹಾಕೋಣ. ಎಣ್ಣೆ ಗಾಣದ ಘಟಕಕ್ಕೆ ₹20 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ನಿಮ್ಮ ಕೈಯಿಂದ ಕನಿಷ್ಠ ಶೇ 10, ಅಂದರೆ ₹2 ಲಕ್ಷ. ಉಳಿದ ₹18 ಲಕ್ಷ ಬ್ಯಾಂಕ್ ಸಾಲ. ಸಬ್ಸಿಡಿ ₹10 ಲಕ್ಷ. ಕೊನೆಗೆ ನೀವು ತೀರಿಸಬೇಕಾದ ಅಸಲು ₹8 ಲಕ್ಷ.

ಇಲ್ಲಿ ಗಮನಿಸಬೇಕಾದ್ದು, ಯೋಜನಾ ವೆಚ್ಚದಲ್ಲಿ ಜಾಗದ ಬೆಲೆ ಸೇರುವುದಿಲ್ಲ. ಕಟ್ಟಡದ ಕೆಲಸವೂ ಅರ್ಹ ವೆಚ್ಚದ ಶೇ 30 ಮೀರುವಂತಿಲ್ಲ. ಶೆಡ್ಡಿಗೆ ಜಾಸ್ತಿ ಸುರಿದು, ಯಂತ್ರಕ್ಕೆ ಕಡಿಮೆ ತೋರಿಸಿದ ಅರ್ಜಿಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಯೋಜನೆ 2020ರಲ್ಲಿ ಶುರುವಾಯಿತು. ₹10,000 ಕೋಟಿಯ ಯೋಜನೆ, ಮೊದಲು 2024–25ರವರೆಗೆ ಎಂದಿತ್ತು, ಆಮೇಲೆ 2025–26ರವರೆಗೆ ವಿಸ್ತರಿಸಿದರು. ಆದ್ದರಿಂದ ನೀವು ಅರ್ಜಿ ಹಾಕುವ ವರ್ಷದಲ್ಲಿ ಯಾವ ಆದೇಶ ಜಾರಿಯಲ್ಲಿದೆ ಎಂದು ಕೆಪೆಕ್‌ನಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಸಬ್ಸಿಡಿ ದುಡ್ಡು ನನ್ನ ಅಕೌಂಟಿಗೆ ಯಾವಾಗ ಬರುತ್ತೆ?

ನಿಮ್ಮ ಕೈಗೆ ನಗದಾಗಿ ಬರುವುದೇ ಇಲ್ಲ. ಸಾಲ ಬಿಡುಗಡೆಯಾದ ಮೇಲೆ ಸರ್ಕಾರ ಸಬ್ಸಿಡಿಯನ್ನು ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕ್ ಅದನ್ನು ನಿಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಇಟ್ಟುಕೊಳ್ಳುತ್ತದೆ. ಸಾಲದ ಕೊನೆ ಕಂತು ಬಿಡುಗಡೆಯಾಗಿ 3 ವರ್ಷ ಕಳೆಯಬೇಕು. ಅಷ್ಟು ಹೊತ್ತಿಗೆ ಸಾಲ ಸುಸ್ತಿಯಾಗಿರಬಾರದು, ಘಟಕ ನಡೆಯುತ್ತಿರಬೇಕು. ಆಗ ಆ ಹಣ ಸಾಲಕ್ಕೆ ಜಮೆಯಾಗುತ್ತದೆ.

ಅಂದರೆ ಮೊದಲ 3 ವರ್ಷ ಕಂತು ಕಟ್ಟುವ ಶಕ್ತಿ ನಿಮಗಿರಬೇಕು. "ಸಬ್ಸಿಡಿ ಬಂದಮೇಲೆ ಅದರಲ್ಲೇ ಕಡಲೆಕಾಯಿ ಖರೀದಿ ಮಾಡ್ತೀನಿ" ಎಂದು ಯೋಚಿಸಿದವರಿಗೆ ಇದು ದೊಡ್ಡ ಪೆಟ್ಟು. ಯಂತ್ರ ಬಂದಿರುತ್ತದೆ, ಕಚ್ಚಾ ಮಾಲಿಗೆ ದುಡ್ಡಿರುವುದಿಲ್ಲ. ಅರ್ಜಿ ಹಾಕುವಾಗಲೇ ಯಂತ್ರದ ಸಾಲದ ಜೊತೆಗೆ ದುಡಿಯುವ ಬಂಡವಾಳದ ಸಾಲವನ್ನೂ ಕೇಳಿ. ಸುಗ್ಗಿಯಲ್ಲಿ ಮಾಲು ಕೊಂಡು ಇಡೀ ವರ್ಷ ಮಾರುವ ಉದ್ದಿಮೆಗೆ ಇದು ಉಸಿರಿದ್ದಂತೆ.

ನಮ್ ಜಿಲ್ಲೆಗೆ ಟೊಮೆಟೊ ಕೊಟ್ಟಿದ್ದಾರೆ, ನಾನು ರಾಗಿ ಮಾಲ್ಟ್ ಮಾಡ್ತೀನಿ. ಅರ್ಜಿ ಹಾಕಬಹುದಾ?

ಹಾಕಬಹುದು. ಒಂದು ಜಿಲ್ಲೆ ಒಂದು ಉತ್ಪನ್ನ ಎನ್ನುವ ಪಟ್ಟಿಯಲ್ಲಿ ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಕೋಲಾರಕ್ಕೆ ಟೊಮೆಟೊ, ಕೊಡಗಿಗೆ ಕಾಫಿ, ವಿಜಯಪುರಕ್ಕೆ ನಿಂಬೆ ಹೀಗೆ ಗುರುತಿಸಿದ್ದಾರೆ. ಶುರುವಿನಲ್ಲಿ ಹೊಸ ಘಟಕಗಳಿಗೆ ಈ ಪಟ್ಟಿ ಕಟ್ಟುನಿಟ್ಟಾಗಿತ್ತು. ಆಮೇಲೆ ಸಡಿಲಿಸಿದರು. ಈಗ ಬೇರೆ ಉತ್ಪನ್ನಗಳಿಗೂ ಸಹಾಯಧನ ಇದೆ. ಇದು ಒಳ್ಳೆಯ ಬದಲಾವಣೆ ಎಂದು ನನ್ನ ಅನಿಸಿಕೆ. ಕೋಲಾರದಲ್ಲಿ ಎಲ್ಲರೂ ಟೊಮೆಟೊ ಸಾಸ್ ಮಾಡಿದರೆ ಕೊಳ್ಳುವವರು ಯಾರು, ಅಲ್ವಾ?

ನಾವು ಸಂಘದ ಹತ್ತು ಜನ ಹೆಂಗಸರು ಹಪ್ಪಳ, ಸಂಡಿಗೆ ಮಾಡ್ತೀವಿ. ದೊಡ್ಡ ಸಾಲ ಬೇಡ. ನಮಗೇನಾದ್ರೂ ಇದೆಯಾ?

ಇದೆ ಅಕ್ಕ. ಆಹಾರ ಸಂಸ್ಕರಣೆ ಮಾಡುವ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ ₹40,000ವರೆಗೆ ಬೀಜ ಬಂಡವಾಳ, ಅಂದರೆ ಶುರುವಿನ ಹಣ, ಸಿಗುತ್ತದೆ. ಹತ್ತು ಜನರಿಗೆ ₹4 ಲಕ್ಷ. ಸಣ್ಣ ಉಪಕರಣಕ್ಕೂ ದುಡಿಯುವ ಬಂಡವಾಳಕ್ಕೂ ಇದನ್ನು ಬಳಸಬಹುದು. ಹಣ ಸಂಘದ ಒಕ್ಕೂಟದ ಮೂಲಕ ಬರುತ್ತದೆ, ಸದಸ್ಯರು ಅದನ್ನು ಒಕ್ಕೂಟಕ್ಕೆ ಮರಳಿಸಬೇಕು. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದವರನ್ನು ಕೇಳಿ. ಸಂಘದ ನಡಾವಳಿ ಪುಸ್ತಕ, ಲೆಕ್ಕದ ಪುಸ್ತಕ ಸರಿಯಿದ್ದರೆ ಅರ್ಧ ಕೆಲಸ ಆದಂತೆ.

ಬ್ಯಾಂಕ್ ಮ್ಯಾನೇಜರ್ ಜಮೀನು ಅಡ ಇಡಿ ಅಂತಾರೆ. ಇಡ್ಲೇಬೇಕಾ?

ಕಿರು ಮತ್ತು ಸಣ್ಣ ಉದ್ದಿಮೆಗೆ ಕೊಡುವ ₹10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಅದಕ್ಕಿಂತ ದೊಡ್ಡ ಸಾಲಕ್ಕೆ ಸಿಜಿಟಿಎಂಎಸ್‌ಇ ಎನ್ನುವ ಖಾತರಿ ನಿಧಿ ಇದೆ. ನೀವು ಕಟ್ಟದಿದ್ದರೆ ಬ್ಯಾಂಕಿನ ನಷ್ಟದ ದೊಡ್ಡ ಪಾಲನ್ನು ಆ ನಿಧಿ ತುಂಬಿಕೊಡುತ್ತದೆ. ಹಾಗೆಂದು ಸಾಲ ಮನ್ನಾ ಆಯಿತು ಎಂದು ತಿಳಿಯಬೇಡಿ, ವಸೂಲಿ ನಿಮ್ಮ ಮೇಲೆ ಮುಂದುವರಿಯುತ್ತದೆ.

ಮ್ಯಾನೇಜರ್ ಜೊತೆ ಜಗಳಕ್ಕೆ ಹೋಗುವ ಮುನ್ನ ನಿಮ್ಮ ಸಿಬಿಲ್ ವರದಿ, ಅಂದರೆ ಸಾಲದ ಚರಿತ್ರೆ, ತೆಗೆದು ನೋಡಿ. ಹಳೆಯ ಬೆಳೆ ಸಾಲ, ಚಿನ್ನದ ಸಾಲ, ಬೇರೆಯವರಿಗೆ ಹಾಕಿದ ಜಾಮೀನು ಇವೆಲ್ಲ ಅಲ್ಲಿ ಕಾಣುತ್ತವೆ. ಎಷ್ಟೋ ಅರ್ಜಿಗಳು ನಿಲ್ಲುವುದು ಇಲ್ಲೇ. ಎಲ್ಲ ಸರಿಯಿದ್ದೂ ಕೊಡದಿದ್ದರೆ ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ. ಆ ಕಾಗದ ಹಿಡಿದು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ, ಖರ್ಚಿಲ್ಲದೆ ದೂರು ಸಲ್ಲಿಸಬಹುದು.

ಕೃಷಿ ಮೂಲಸೌಕರ್ಯ ನಿಧಿ ಅಂತಿದೆಯಲ್ಲ, ಅದೂ ಸಬ್ಸಿಡಿನಾ?

ಅದು ಬಡ್ಡಿಯಲ್ಲಿ ರಿಯಾಯಿತಿ. ₹2 ಕೋಟಿವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 3ರಷ್ಟು ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಗರಿಷ್ಠ 7 ವರ್ಷ. ಬ್ಯಾಂಕ್ ಶೇ 9ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಗೋದಾಮು, ಶೀತಲಗೃಹ, ವಿಂಗಡಣಾ ಘಟಕ, ಯಂತ್ರಗಳ ಬಾಡಿಗೆ ಕೇಂದ್ರ, ಪ್ರಾಥಮಿಕ ಸಂಸ್ಕರಣೆ ಇದರಲ್ಲಿ ಬರುತ್ತವೆ. ₹1 ಲಕ್ಷ ಕೋಟಿಯ ಈ ನಿಧಿಯನ್ನು 2020ರಲ್ಲಿ ತಂದರು.

ಇದನ್ನು ಪಿಎಂಎಫ್‌ಎಂಇ ಜೊತೆ ಜೋಡಿಸಬಹುದು. ಒಂದೇ ಘಟಕಕ್ಕೆ ಅಲ್ಲಿ ಬಂಡವಾಳ ಸಬ್ಸಿಡಿ, ಇಲ್ಲಿ ಬಡ್ಡಿ ರಿಯಾಯಿತಿ. ಆದರೆ ಒಂದೇ ಯಂತ್ರಕ್ಕೆ ಎರಡು ಯೋಜನೆಯ ಬಂಡವಾಳ ಸಬ್ಸಿಡಿ ಪಡೆಯಲು ಹೋಗಬೇಡಿ.

ಫೈಲ್ ಮಾಡಿಸಿಕೊಡೋಕೆ ಏಜೆಂಟ್ ಒಬ್ಬರು ಶೇಕಡಾ ಹತ್ತು ಕೇಳ್ತಿದ್ದಾರೆ. ಕೊಡ್ಲಾ?

ಬೇಡ. ಪಿಎಂಎಫ್‌ಎಂಇಯಲ್ಲಿ ಯೋಜನಾ ವರದಿ ಬರೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಬ್ಯಾಂಕಿನ ಜೊತೆ ಮಾತಾಡುವುದು, ಪರವಾನಗಿ ಮಾಡಿಸುವುದು ಎಲ್ಲವೂ ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ಕೆಲಸ. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಅವರಿಗೆ ಯೋಜನೆಯಿಂದಲೇ ಸಂಭಾವನೆ ಇದೆ. ನೀವು ಕೊಡಬೇಕಾದ್ದು ಏನೂ ಇಲ್ಲ.

ಇನ್ನೊಂದು ಮೋಸವನ್ನೂ ಹೇಳಬೇಕು. ಯಂತ್ರದ ಬಿಲ್ಲನ್ನು ಎರಡರಷ್ಟು ತೋರಿಸಿ, "ನಿಮ್ಮ ಪಾಲು ನೀವು ಹಾಕೋದೇ ಬೇಡ" ಎನ್ನುವ ಮಾರಾಟಗಾರರಿದ್ದಾರೆ. ಬಿಲ್ಲಿನ ಮೇಲೆ ಹೆಸರು ನಿಮ್ಮದು, ಸಾಲವೂ ನಿಮ್ಮದೇ. ಎರಡರಷ್ಟು ಸಾಲಕ್ಕೆ ಬಡ್ಡಿ ಕಟ್ಟುವವರು ನೀವು. ತನಿಖೆ ಬಂದಾಗ ಸಿಕ್ಕಿಬೀಳುವವರೂ ನೀವೇ.

## ಕಾಗದ, ಜಾಗ, ತೆರಿಗೆ

ಮನೇಲೇ ಮಾಡೋ ಉಪ್ಪಿನಕಾಯಿಗೂ ಲೈಸೆನ್ಸ್ ಬೇಕಾ?

ಮಾರುವುದಾದರೆ ಬೇಕು. ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು, ದೊಡ್ಡದಕ್ಕೆ ಪರವಾನಗಿ. ಎರಡಕ್ಕೂ ಅರ್ಜಿ ಫಾಸ್ಕೋಸ್ ಎನ್ನುವ ಪೋರ್ಟಲ್‌ನಲ್ಲಿ. ನೋಂದಣಿ ಶುಲ್ಕ ತೀರಾ ಕಡಿಮೆ. 14 ಅಂಕಿಯ ಸಂಖ್ಯೆ ಸಿಗುತ್ತದೆ, ಅದನ್ನು ಪೊಟ್ಟಣದ ಮೇಲೆ ಹಾಕಬೇಕು. ಜೊತೆಗೆ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಕೂತಲ್ಲೇ ಆಗುತ್ತದೆ.

ಪೊಟ್ಟಣದ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಏನೇನು ಹಾಕಿದ್ದೀರಿ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಬಾಳಿಕೆಯ ದಿನವನ್ನು ಅಂದಾಜಿನಲ್ಲಿ ಬರೆಯಬೇಡಿ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಇದೇ ಕೆಲಸದಲ್ಲಿದೆ. ತಂತ್ರಜ್ಞಾನ, ತರಬೇತಿ ಎರಡೂ ಅಲ್ಲಿ ಸಿಗುತ್ತವೆ. ನಮ್ಮ ರಾಜ್ಯದಲ್ಲೇ ಇಂಥ ಸಂಸ್ಥೆ ಇದ್ದೂ ನಾವು ಯೂಟ್ಯೂಬ್ ನೋಡಿ ಉಪ್ಪಿನಕಾಯಿಗೆ ಸಂರಕ್ಷಕ ಹಾಕುತ್ತೇವೆ ಎನ್ನುವುದು ನನಗೆ ಬೇಸರದ ವಿಷಯ.

ಆಲೆಮನೆಯವರಿಗೆ ಒಂದು ಮಾತು. ಬೆಲ್ಲಕ್ಕೆ ಹೊಳಪು ಬರಲಿ ಎಂದು ಹೈಡ್ರೋಸ್ ಎನ್ನುವ ಗಂಧಕದ ರಾಸಾಯನಿಕ ಸುರಿಯುವ ಅಭ್ಯಾಸ ಬಿಡದಿದ್ದರೆ ಯಾವ ಯೋಜನೆಯೂ ನಿಮ್ಮ ಬ್ರ್ಯಾಂಡ್ ಉಳಿಸುವುದಿಲ್ಲ. ಮಾದರಿ ಪರೀಕ್ಷೆಯಲ್ಲಿ ಗಂಧಕದ ಅಂಶ ಮಿತಿ ಮೀರಿದರೆ ದಂಡ ಬೀಳುತ್ತದೆ. ಕಂದು ಬೆಲ್ಲವನ್ನೇ ಹುಡುಕಿಕೊಂಡು ಬರುವ ಗಿರಾಕಿಗಳು ಈಗ ಪೇಟೆಯಲ್ಲಿ ಇದ್ದಾರೆ.

ಹೊಲದಲ್ಲೇ ಶೆಡ್ ಹಾಕಿ ಮಷಿನ್ ಇಟ್ಟರೆ ಆಗಲ್ವಾ?

ಕೃಷಿ ಜಮೀನಿನಲ್ಲಿ ಉದ್ದಿಮೆ ನಡೆಸಲು ಸಾಮಾನ್ಯವಾಗಿ ಭೂ ಪರಿವರ್ತನೆ ಬೇಕು. ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿಯಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ. ಇಡೀ ಎಕರೆ ಕನ್ವರ್ಷನ್ ಮಾಡಿಸಬೇಡಿ, ಘಟಕಕ್ಕೆ ಎಷ್ಟು ಗುಂಟೆ ಬೇಕೋ ಅಷ್ಟಕ್ಕೇ ಮಾಡಿಸಿ. ಪಹಣಿ ಜಂಟಿಯಾಗಿದ್ದರೆ ಮೊದಲು ಅಣ್ಣತಮ್ಮಂದಿರ ಪಾಲು ವಿಭಾಗ, ಪೋಡಿ ಮುಗಿಸಿ. ಊರೊಳಗೆ ಬಾಡಿಗೆ ಜಾಗ ಸಿಕ್ಕರೆ ಶುರುವಿಗೆ ಅದೇ ಸುಲಭ.

ಇನ್ನು ಕರೆಂಟು. ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಗಿರಣಿ ಜೋಡಿಸುವಂತಿಲ್ಲ. ಉದ್ದಿಮೆ ದರದ ಬೇರೆ ಮೀಟರ್, ತ್ರೀ ಫೇಸ್ ಬೇಕು. ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್ ಇರುತ್ತದೆ ಎಂದು ತಿಳಿದುಕೊಂಡೇ ಯಂತ್ರ ಬುಕ್ ಮಾಡಿ.

ರೈತರಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಲ್ವಾ, ಮತ್ತೆ ಇದಕ್ಯಾಕೆ?

ಬೆಳೆದದ್ದನ್ನು ಮಾರಿದ ಆದಾಯಕ್ಕೆ ತೆರಿಗೆ ಇಲ್ಲ. ಅದನ್ನು ಬೇರೆ ಪದಾರ್ಥ ಮಾಡಿ ಮಾರಿದಾಗ ಲಾಭದ ಒಂದು ಭಾಗ ವ್ಯಾಪಾರದ ಆದಾಯವಾಗುತ್ತದೆ. ಕಾಫಿಯಲ್ಲಿ ಇದು ತುಂಬಾ ಸ್ಪಷ್ಟ. ಬೆಳೆಗಾರ ತನ್ನ ಕಾಫಿಯನ್ನು ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಹಸನು ಮಾಡಿ) ಮಾರಿದರೆ ಲಾಭದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಬೇರೆಯವರ ಬೆಳೆ ಕೊಂಡು ಸಂಸ್ಕರಿಸಿದರೆ ಪೂರ್ತಿ ಲಾಭವೂ ವ್ಯಾಪಾರದ್ದೇ.

ಜಿಎಸ್‌ಟಿಯಲ್ಲಿ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ₹40 ಲಕ್ಷದವರೆಗೆ ನೋಂದಣಿ ಕಡ್ಡಾಯವಿಲ್ಲ. ಹೊರ ರಾಜ್ಯಕ್ಕೆ ಮಾರಿದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಷ್ಟೋ ಸಂಸ್ಕರಿತ ಆಹಾರಗಳ ದರ ಶೇ 5ಕ್ಕೆ ಇಳಿಯಿತು. ಸಣ್ಣ ಘಟಕಗಳಿಗೆ ಇದು ನಿಜವಾದ ಉಪಕಾರ.

## ಮಾರಾಟ, ಒಗ್ಗಟ್ಟು

ಎಫ್‌ಪಿಒ ಸೇರಿದರೆ ನಮಗೇನು ಲಾಭ? ಷೇರು ಅಂತ ದುಡ್ಡು ತಗೊಂಡು ಸುಮ್ನೆ ಕೂತಿದ್ದಾರೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆ (ಎಫ್‌ಪಿಒ) ಕಟ್ಟುವ ಗುರಿ ಹಾಕಿಕೊಂಡಿತು. 2025ರ ಫೆಬ್ರವರಿಯಲ್ಲಿ ಹತ್ತು ಸಾವಿರದ ಸಂಖ್ಯೆ ಮುಟ್ಟಿತು ಎಂದು ಘೋಷಿಸಿತು. ಸಂಖ್ಯೆ ಮುಟ್ಟುವ ಅವಸರದಲ್ಲಿ ಕಾಗದದ ಮೇಲಷ್ಟೇ ಇರುವ ಸಂಸ್ಥೆಗಳೂ ಹುಟ್ಟಿದವು.

ನೆರವು ಹೀಗಿದೆ. ಪ್ರತಿ ಸಂಸ್ಥೆಗೆ 3 ವರ್ಷಕ್ಕೆ ₹18 ಲಕ್ಷದವರೆಗೆ ನಿರ್ವಹಣಾ ವೆಚ್ಚ. ಸದಸ್ಯರು ಹಾಕಿದ ಷೇರಿಗೆ ಸಮನಾಗಿ ತಲಾ ₹2,000ದವರೆಗೆ, ಸಂಸ್ಥೆಗೆ ಗರಿಷ್ಠ ₹15 ಲಕ್ಷ ಅನುದಾನ. ₹2 ಕೋಟಿವರೆಗಿನ ಸಾಲಕ್ಕೆ ಖಾತರಿ. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಇರಬೇಕು.

ಸೇರುವ ಮುನ್ನ ಹೋದ ವರ್ಷದ ಲೆಕ್ಕಪತ್ರ ಕೇಳಿ. ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಮಾತ್ರ ನಡೆಸುತ್ತಿದೆಯಾ, ಸದಸ್ಯರ ಬೆಳೆಯನ್ನೂ ಕೊಂಡು ಮಾರುತ್ತಿದೆಯಾ ನೋಡಿ. ಪೂರ್ಣಾವಧಿ ಸಿಇಒ ಇದ್ದಾರಾ? ವಾರ್ಷಿಕ ಸಭೆ ನಡೆದಿದೆಯಾ? ಇವಿಷ್ಟು ಸರಿಯಿದ್ದರೆ ಧೈರ್ಯವಾಗಿ ಸೇರಿ. ನೀವು ಈಗಾಗಲೇ ಸದಸ್ಯರಾಗಿದ್ದರೆ ಲೆಕ್ಕ ಕೇಳುವ ಹಕ್ಕು ನಿಮಗಿದೆ. ಸಭೆಯಲ್ಲಿ ಎದ್ದು ನಿಂತು ಕೇಳಿ.

ಸುಗ್ಗೀಲಿ ರೇಟ್ ಬಿದ್ದಿರುತ್ತೆ, ಆದ್ರೆ ಸಾಲ ತೀರಿಸೋಕೆ ಮಾರ್ಲೇಬೇಕು. ದಾರಿ ಇದೆಯಾ?

ಗೋದಾಮಿನ ರಸೀದಿ ಮೇಲೆ ಸಾಲ ಪಡೆಯುವ ದಾರಿ ಇದೆ. ಗೋದಾಮುಗಳ ನಿಯಂತ್ರಣ ಪ್ರಾಧಿಕಾರ ಡಬ್ಲ್ಯೂಡಿಆರ್‌ಎಯ ಮಾನ್ಯತೆ ಪಡೆದ ಗೋದಾಮಿನಲ್ಲಿ ತೊಗರಿ, ಕಡಲೆ, ಮೆಕ್ಕೆಜೋಳ ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ. ಅದನ್ನು ಬ್ಯಾಂಕಿಗೆ ಅಡ ಇಟ್ಟು ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ 6 ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಅವಕಾಶವೂ ಇದೆ. ಎಪಿಎಂಸಿಗಳಲ್ಲೂ ಅಡಮಾನ ಸಾಲ ಇದೆ, ಕೇಳಿ ನೋಡಿ.

ಇನ್ನೊಂದು ನೆನಪಿರಲಿ. ನಮ್ಮ ರಾಜ್ಯದ ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಬಿಳಿ ಚೀಟಿಯಲ್ಲಿ ಬರೆದು ನಿಮ್ಮಿಂದ ಕಮಿಷನ್ ಮುರಿದುಕೊಂಡರೆ ಅದು ಕಾನೂನುಬಾಹಿರ. ಅಧಿಕೃತ ಲೆಕ್ಕತೀರುವಳಿ ಪಟ್ಟಿ ಕೇಳಿ ಪಡೆಯಿರಿ. ನಾಳೆ ಬ್ಯಾಂಕಿಗೆ ನಿಮ್ಮ ವಹಿವಾಟು ತೋರಿಸಲೂ ಅದೇ ದಾಖಲೆ.

ಕಂಪನಿಯವರು ಬೀಜ, ಗೊಬ್ಬರ ಕೊಟ್ಟು ಬೆಳೆ ಅವರೇ ತಗೋತಾರಂತೆ. ನಂಬಬಹುದಾ?

ಕರ್ನಾಟಕದಲ್ಲಿ ಗರ್ಕಿನ್ ಎನ್ನುವ ಮಿಡಿಸೌತೆ ಇದೇ ರೀತಿ ಬೆಳೆದು ಬಂದಿದೆ. ಇಲ್ಲಿ ಅದನ್ನು ತಿನ್ನುವವರಿಲ್ಲ, ಬಹುಪಾಲು ರಫ್ತಿಗೇ ಹೋಗುತ್ತದೆ. ಹಾಗಾಗಿ ಕಂಪನಿಗೆ ರೈತ ಬೇಕು, ರೈತನಿಗೆ ಕಂಪನಿ ಬೇಕು. ತೊಂದರೆ ಬರುವುದು ಗಾತ್ರದ ವಿಂಗಡಣೆಯಲ್ಲಿ. ಕಾಯಿ ಸ್ವಲ್ಪ ದಪ್ಪವಾದರೆ ದರ ಅರ್ಧವಾಗುತ್ತದೆ ಅಥವಾ ತಿರಸ್ಕಾರ. ಒಪ್ಪಂದ ಕನ್ನಡದಲ್ಲಿ ಇರಲಿ. ಪ್ರತಿ ಗಾತ್ರಕ್ಕೂ ದರ, ತೂಕ ಎಲ್ಲಿ ಹಾಕುತ್ತಾರೆ, ಎಷ್ಟು ದಿನದಲ್ಲಿ ಹಣ, ಬೆಳೆ ಹಾಳಾದರೆ ಕೊಟ್ಟ ಬೀಜದ ಸಾಲ ಏನಾಗುತ್ತದೆ ಎಂದು ಬರೆಸಿಕೊಳ್ಳಿ.

## ಇನ್ನೂ ಮುಂದಕ್ಕೆ ಯೋಚಿಸುವವರಿಗೆ

ನಮ್ಮದು ಸ್ಟಾರ್ಟಪ್. ಪ್ರಾಡಕ್ಟ್ ಇನ್ನೂ ರೆಡಿ ಇಲ್ಲ. ಬ್ಯಾಂಕ್ ಸಾಲ ಬಿಟ್ಟು ಬೇರೆ ದಾರಿ?

ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ ಕೃಷಿ ಸ್ಟಾರ್ಟಪ್‌ಗಳಿಗೆ ಅನುದಾನ ಇದೆ. ಆಲೋಚನೆಯ ಹಂತದಲ್ಲಿ ₹5 ಲಕ್ಷದವರೆಗೆ, ಮುಂದಿನ ಹಂತದಲ್ಲಿ ₹25 ಲಕ್ಷದವರೆಗೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರ ಕೇಂದ್ರಗಳಲ್ಲಿ ಒಂದು. ಇಲ್ಲಿ ದುಡ್ಡಿಗಿಂತ ಪ್ರಯೋಗಾಲಯ ಮತ್ತು ವಿಜ್ಞಾನಿಗಳ ಒಡನಾಟ ದೊಡ್ಡದು.

ರಫ್ತು ಮಾಡಬೇಕು ಅಂತಿದ್ದೀನಿ. ಸರ್ಕಾರ ದಿಢೀರ್ ಅಂತ ನಿಲ್ಲಿಸಿಬಿಟ್ರೆ?

ಈ ಭಯ ಸರಿಯಾದದ್ದೇ. ಈರುಳ್ಳಿ ಕಥೆ ನೋಡಿ. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ. ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದು ಮತ್ತೆ ಶೇ 40 ಸುಂಕ. ಸೆಪ್ಟೆಂಬರ್‌ನಲ್ಲಿ ಶೇ 20. 2025ರ ಏಪ್ರಿಲ್ 1ರಿಂದ ಸುಂಕವೇ ಇಲ್ಲ. ಎರಡು ವರ್ಷದೊಳಗೆ ಇಷ್ಟು ಬದಲಾವಣೆ. ಪೇಟೆಯ ಗ್ರಾಹಕನಿಗೆ ಈರುಳ್ಳಿ ಅಗ್ಗವಾಗಲಿ ಎಂದು ಹೊರದೇಶದ ಗಿರಾಕಿಯನ್ನು ಕಳೆದುಕೊಂಡವರು ಬೆಳೆಗಾರರು ಮತ್ತು ರಫ್ತುದಾರರು. ಬೆಂಗಳೂರು ಗುಲಾಬಿ ಈರುಳ್ಳಿಗೆ ನಮ್ಮಲ್ಲಿ ಬೇಡಿಕೆಯೇ ಕಡಿಮೆ, ಅದು ಬೆಳೆಯುವುದೇ ರಫ್ತಿಗೆ. ಅದಕ್ಕೂ ಈ ನಿಯಮ ತಟ್ಟಿತು. ಚಿಕ್ಕಬಳ್ಳಾಪುರ, ಕೋಲಾರದ ಬೆಳೆಗಾರರು ಒತ್ತಾಯಿಸಿದ ಮೇಲೆ, ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಇದ್ದರೆ ಸುಂಕ ಬೇಡ ಎಂದು ವಿನಾಯಿತಿ ಕೊಟ್ಟರು.

ಅಕ್ಕಿ, ಈರುಳ್ಳಿ, ಸಕ್ಕರೆಯಂಥ ದಿನಬಳಕೆಯ ವಸ್ತುಗಳಲ್ಲಿ ಈ ಅಪಾಯ ಯಾವಾಗಲೂ ಇದೆ. ಮಸಾಲೆ, ಕಾಫಿ, ಸಂಸ್ಕರಿಸಿದ ಪದಾರ್ಥಗಳಲ್ಲಿ ಕಡಿಮೆ. ಶುರುವಿಗೆ ರಫ್ತುದಾರರಿಗೆ ಬೇಕಾದ ಐಇಸಿ ಸಂಖ್ಯೆ ಮಾಡಿಸಿ. ಹಣ್ಣು, ತರಕಾರಿ, ಸಂಸ್ಕರಿತ ಆಹಾರಕ್ಕೆ ಅಪೆಡಾ ಎನ್ನುವ ಕೇಂದ್ರದ ರಫ್ತು ಪ್ರಾಧಿಕಾರ, ಮಸಾಲೆಗೆ ಸಂಬಾರ ಮಂಡಳಿ, ಕಾಫಿಗೆ ಕಾಫಿ ಮಂಡಳಿಯಲ್ಲಿ ನೋಂದಣಿ. ಇಡೀ ವ್ಯವಹಾರವನ್ನು ಒಂದೇ ದೇಶದ ಒಬ್ಬ ಗಿರಾಕಿಯ ಮೇಲೆ ನಿಲ್ಲಿಸಬೇಡಿ. ದೇಶದೊಳಗಿನ ಮಾರಾಟವನ್ನೂ ಉಳಿಸಿಕೊಳ್ಳಿ.

ನಾನು ದುಬೈನಲ್ಲಿದ್ದೀನಿ. ಊರಲ್ಲಿ ಜಮೀನು ಕೊಂಡು ಘಟಕ ಹಾಕಬೇಕು ಅಂತ ಆಸೆ.

ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಅನಿವಾಸಿ ಭಾರತೀಯರಿಗೆ ವಿದೇಶಿ ವಿನಿಮಯ ನಿಯಮ ಅಡ್ಡ ಬರುತ್ತದೆ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಅವರು ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಸಂಸ್ಕರಣಾ ಘಟಕಕ್ಕೆ ಕೃಷಿ ಜಮೀನೇ ಬೇಕಾಗಿಲ್ಲವಲ್ಲ. ಕೈಗಾರಿಕಾ ಪ್ರದೇಶದ ನಿವೇಶನ ನೋಡಿ, ಊರಿನ ನಂಬಿಕಸ್ಥ ಪಾಲುದಾರರ ಜೊತೆ ಕಂಪನಿ ಮಾಡಿ. ಬರೀ ತಮ್ಮನ ಹೆಸರಲ್ಲಿ ಎಲ್ಲ ಮಾಡಿಸಿ ಆಮೇಲೆ ಸಂಬಂಧ ಕೆಡಿಸಿಕೊಳ್ಳಬೇಡಿ.

ಇಷ್ಟೆಲ್ಲ ಯೋಜನೆ ಇದ್ದೂ ಎಷ್ಟೋ ಘಟಕ ಮುಚ್ಚಿವೆ. ಸರ್ಕಾರ ನಿಜವಾಗ್ಲೂ ಏನು ಮಾಡಬೇಕಿತ್ತು?

ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು. ಮುಂದೆ ಅದೇ ಕೆಎಂಎಫ್ ಆಯಿತು. ಅಲ್ಲಿ ರೈತರಿಗೆ ಮೊದಲು ಸಿಕ್ಕಿದ್ದು ಯಂತ್ರವಲ್ಲ. ಊರಲ್ಲೇ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುವ ಸಂಘ, ಜಿಡ್ಡಿನ ಅಂಶ ನೋಡಿ ದರ, ನಿಗದಿತ ದಿನಕ್ಕೆ ಬಟವಾಡೆ, ಪಶುವೈದ್ಯರು, ಪಶು ಆಹಾರ. ಹಾಲನ್ನು ಪ್ಯಾಕೆಟ್ ಮಾಡುವ, ಪೇಟೆಯಲ್ಲಿ ಮಾರುವ ದೊಡ್ಡ ಜವಾಬ್ದಾರಿಯನ್ನು ಒಕ್ಕೂಟ ಹೊತ್ತಿತು. ಎರಡು ಹಸು ಕಟ್ಟಿದ ಮನೆಗೂ ದಿನಾ ಗಿರಾಕಿ ಸಿಕ್ಕ.

ಕ್ಯಾಂಪ್ಕೊ ಇನ್ನೊಂದು ಉದಾಹರಣೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ, 1973ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಹುಟ್ಟಿತು. ಅದು ಮಾರುಕಟ್ಟೆಗೆ ಇಳಿದು ಅಡಿಕೆ ಕೊಂಡಿತು. ಕೊಕ್ಕೊ ಬೆಳೆಗಾರರಿಗೆ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಮೊದಲು ಖರೀದಿ, ಆಮೇಲೆ ಕಾರ್ಖಾನೆ.

ಇವತ್ತಿನ ಹೆಚ್ಚಿನ ಯೋಜನೆಗಳು ಇದನ್ನು ತಿರುಗಿಸಿ ಮಾಡುತ್ತವೆ. ಒಬ್ಬೊಬ್ಬರಿಗೂ ಯಂತ್ರ ಕೊಟ್ಟು, ಮಾರುವ ಕೆಲಸವನ್ನು ಅವರವರಿಗೇ ಬಿಡುತ್ತವೆ. ಪಿಎಂಎಫ್‌ಎಂಇಯಲ್ಲೇ ಗುಂಪುಗಳ ಬ್ರ್ಯಾಂಡಿಂಗ್ ಮತ್ತು ಮಾರಾಟಕ್ಕೆ ಶೇ 50 ನೆರವು, ಸಾಮೂಹಿಕ ಸೌಲಭ್ಯ ಕೇಂದ್ರಕ್ಕೆ ಶೇ 35ರಂತೆ ₹3 ಕೋಟಿವರೆಗೆ ನೆರವು ಇದೆ. ಹಳ್ಳಿಗಳಲ್ಲಿ ಈ ಭಾಗದ ಬಗ್ಗೆ ಕೇಳಿದವರೇ ಕಡಿಮೆ. ನಿಮ್ಮ ತಾಲ್ಲೂಕಿನಲ್ಲಿ ಒಂದೇ ಪದಾರ್ಥ ಮಾಡುವ ಹತ್ತು ಸಣ್ಣ ಘಟಕಗಳಿದ್ದರೆ, ಹನ್ನೊಂದನೆಯದಕ್ಕೆ ಅರ್ಜಿ ಹಾಕುವ ಮುನ್ನ ಆ ಹತ್ತು ಜನರನ್ನು ಒಂದು ಕಡೆ ಕೂರಿಸಿ ಈ ಎರಡು ಸೌಲಭ್ಯದ ಬಗ್ಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನು ಕರೆಸಿ ಮಾತಾಡಿ.